ಇಪ್ಪತ್ತು ನಿಮಿಷದ ಅಂಟು

ಜೂನ್ 3, ಸೋಮವಾರ. ಬೆಳಿಗ್ಗೆ 8.40

ಹದಿನೆಂಟು ಮಹಡಿ, ನಾಲ್ಕು ಸಲ ಹತ್ತಿ ಇಳಿದೆ. ಬೆನ್ನ ಮೇಲೆ ಹತ್ತು ಕಿಲೋ. ತೊಡೆ ಈಗಲೂ ತನ್ನಷ್ಟಕ್ಕೆ ನಡುಗುತ್ತಿದೆ. ಮೇಜೂ ನಡುಗುತ್ತಿದೆ. ಖುಷಿ.

ಭಾರಕ್ಕೆಂದು ಮಾವನ ಕಬ್ಬಿಣದ ಕಾಲನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ತುಂಬಿದ್ದೆ. ಅವನ ಬೂಟು ರಿಪೇರಿ ಅಂಗಡಿಯಲ್ಲಿ ಬೂಟನ್ನು ಬೋರಲು ಹಾಕಿ ಮೊಳೆ ಹೊಡೆಯುವುದು ಅದರ ಮೇಲೆ. ಬರುವಷ್ಟರಲ್ಲಿ ಮಾವ ಶಟರ್ ಎತ್ತಿ ಬೆಂಚಿನ ಕೆಳಗೆ ತಡಕುತ್ತಿದ್ದ.

"ನನ್ನ ಕಾಲೆಲ್ಲೇ?"

"ಹದಿನೆಂಟನೇ ಮಹಡಿಗೆ ಹೋಗಿತ್ತು ಮಾವ."

"ಇಪ್ಪತ್ತು ವರ್ಷದಿಂದ ಕೂತಲ್ಲೇ ಕೂತಿತ್ತು ಅದು. ಅದಕ್ಕೂ ನಿನ್ನ ಚಾಳಿ ಹತ್ತಿಸಿದ್ಯಾ?"

ಇನ್ನು ನಲವತ್ತೊಂದು ದಿನ. ಆಮೇಲೆ ಆಫ್ರಿಕಾ. ಸುಡುವ ಬಿಸಿಲಿನ ಬಯಲ ನಡುವೆ ಎದ್ದು ನಿಂತು ತಲೆಯ ಮೇಲೆ ಹಿಮ ಹೊತ್ತ ಬೆಟ್ಟ. ಸುಮಾರು ಆರು ಸಾವಿರ ಮೀಟರ್. ಅದರ ಫೋಟೊ ಅಂಗಡಿಯ ಕನ್ನಡಿಗೆ ಅಂಟಿಸಿದ್ದೇನೆ. ಬೂಟು ಹಾಕಿ ನೋಡುವ ಗಿರಾಕಿಗಳಿಗೆಲ್ಲ ಮುಖದ ಬದಲು ಬೆಟ್ಟ ಕಾಣುತ್ತದೆ.

ಟ್ರೆಕ್ಕಿಂಗ್ ಕ್ಲಬ್ಬಿನವರು ಪ್ರತಿ ಸಲ ಹೊಸಬರೊಬ್ಬರನ್ನು ತಮ್ಮ ಖರ್ಚಿನಲ್ಲೇ ಕರೆದೊಯ್ಯುತ್ತಾರೆ. ಅದಕ್ಕೆ ಮೆಟ್ಟಿಲಿನ ಪರೀಕ್ಷೆ. ಅರವತ್ತು ಜನ ಬಂದಿದ್ದರು. ನಾನು ಮೊದಲು. ಜನ್ಮದಲ್ಲಿ ಪಾಸಾದ ಪರೀಕ್ಷೆ ಇದೊಂದೇ ಎಂದಳು ಅಮ್ಮ.

ಈ ನೋಟ್‌ಬುಕ್ ಲೀಡರ್ ಮೇಡಂ ಕೊಟ್ಟದ್ದು. ನಿದ್ದೆ, ನೀರು, ನಾಡಿ ಬರೆಯಬೇಕು. ತೋರಿಸಬೇಕಾಗಿಲ್ಲವಂತೆ. ಹಾಗಿದ್ದರೆ ಎಲ್ಲವನ್ನೂ ಬರೆಯುತ್ತೇನೆ. ಸ್ಕೂಲಿನಲ್ಲಿ ನನ್ನ ಯಾವ ನೋಟ್‌ಬುಕ್ಕೂ ಮೂರನೇ ಪುಟ ದಾಟಿದ್ದಿಲ್ಲ.

ನಿದ್ದೆ 7 ಗಂಟೆ. ನೀರು 3 ಲೀಟರ್. ನಾಡಿ 64.

ಜೂನ್ 6, ಗುರುವಾರ. ಮಧ್ಯಾಹ್ನ

ಹಳದಿ ಜ್ವರದ ಇಂಜೆಕ್ಷನ್ ಆಯಿತು. ಹಳದಿ ಕಾರ್ಡ್ ಕೊಟ್ಟರು, ಅದಿಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲವಂತೆ. ದಾರಿಯಲ್ಲಿ ಮೂರು ಸಲ ತೆಗೆದು ನೋಡಿದೆ.

ಫಾರ್ಮಿನಲ್ಲಿ ವಿದ್ಯಾಭ್ಯಾಸ ಎಂದಿತ್ತು. 'ಒಂಬತ್ತು ಪಾಸ್, ಹತ್ತು ಅರ್ಧ' ಎಂದು ಬರೆದೆ. ಕೌಂಟರಿನ ಅಕ್ಕ ಕನ್ನಡಕ ಕೆಳಗಿಳಿಸಿ ನೋಡಿದರು.

"ಅರ್ಧ ಅಂತೆಲ್ಲ ಇರಲ್ಲಮ್ಮ. ಹತ್ತನೇ ತರಗತಿ ಅಂತ ಹಾಕು."

"ಓದಿದ್ದೇ ಅರ್ಧ."

"ಯಾರು ನೋಡ್ತಾರೆ ಇದನ್ನೆಲ್ಲ?"

"ನೀವು ನೋಡಿದ್ರಲ್ಲ."

ಅಕ್ಕ ನಕ್ಕರು. ಆದರೆ ಚುಚ್ಚಿದ ನರ್ಸಿಗೆ ನನ್ನ ಮೇಲೇನೋ ಸಿಟ್ಟಿತ್ತು. ತೋಳು ಇನ್ನೂ ನೋಯುತ್ತಿದೆ.

ಜೂನ್ 9, ಭಾನುವಾರ

ಇವತ್ತು ನಮ್ಮ ತಂಡದ ಬ್ಯಾಂಕ್ ಅಂಕಲ್ ಸಿಕ್ಕಿಬಿದ್ದರು.

ಮೂರು ವಾರದಿಂದ ಎಲ್ಲರಿಗಿಂತ ದೊಡ್ಡ ಬ್ಯಾಗ್ ಹೊತ್ತು, ಎಲ್ಲರಿಗಿಂತ ಹಗುರಾಗಿ ಹತ್ತುತ್ತಿದ್ದರು. ಹತ್ತು ಕಿಲೋ ಎನ್ನುತ್ತಿದ್ದರು. ಮೇಡಂ ಹೋಗಿ ಅವರ ಬ್ಯಾಗನ್ನು ಕಿರುಬೆರಳಿನಲ್ಲಿ ಎತ್ತಿದರು. ಜಿಪ್ ತೆಗೆದರು. ಎರಡು ದಿಂಬು.

"ಕಿಲೋ ಎಷ್ಟಾಯ್ತು?" ಎಂದರು ಮೇಡಂ.

ಯಾರೂ ನಗಲಿಲ್ಲ. ವ್ಯಾನ್ ಓಡಿಸುವ ಡ್ರೈವರಣ್ಣ ಮಾತ್ರ ಗೋಡೆ ಕಡೆ ತಿರುಗಿ ಕೆಮ್ಮಿದ. ಅವನೂ ನಮ್ಮ ಜೊತೆ ಬೆಟ್ಟಕ್ಕೆ ಬರುವವನೇ.

ಜೂನ್ 10. ಬೆಳಿಗ್ಗೆ

ಮೇಡಂ ಮೂವತ್ತು ವರ್ಷ ಈಜು ಕಲಿಸಿದವರು. ಕೊರಳಲ್ಲಿ ಸೀಟಿ. ಬೆಳಗಿನ ವ್ಯಾನಿನಲ್ಲಿ ಮುಂದಿನ ಸೀಟು ಅವರದು. ಒಬ್ಬೊಬ್ಬರ ಮನೆ ಮುಂದೆ ಒಂದೇ ಸೀಟಿ. ಎರಡನೆಯದಿಲ್ಲ, ಫೋನಿಲ್ಲ, ಹೆಸರು ಕೂಗುವುದಿಲ್ಲ. ಸೀಟಿ ಕೇಳಿದರೆ ಅವತ್ತು ನೀನು ತಂಡದಲ್ಲಿದ್ದೀಯ.

ಇವತ್ತು ಬ್ಯಾಂಕ್ ಅಂಕಲ್ ಮನೆ ಬಂತು. ಅವರು ಶೂ ಕಟ್ಟಿ, ನಿಜವಾದ ಭಾರದ ಬ್ಯಾಗ್ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ವ್ಯಾನ್ ನಿಧಾನವೂ ಆಗಲಿಲ್ಲ.

ತಿರುಗಿ ಅವರ ಗೇಟನ್ನೇ ನೋಡಿದೆ. "ಅಷ್ಟಕ್ಕೇ ತೆಗೆದುಬಿಟ್ರಾ ಮೇಡಂ?" ಎಂದೆ.

"ದಿಂಬಿಗಲ್ಲ ಮಿಡತೆ. ಬೆಟ್ಟದ ಮೇಲೆ ಗಾಳಿ ಸಾಲದೆ ತಲೆನೋವು ಬಂದಾಗಲೂ ಅವರು ಇಲ್ಲ ಅಂತಾರೆ. ಅದಕ್ಕೆ."

ಮಿಡತೆ ನಾನು. ಕೂತಲ್ಲಿ ಕೂರುವುದಿಲ್ಲವೆಂದು ಮಾವ ಇಟ್ಟದ್ದು. ಈಗ ಇಡೀ ಕ್ಲಬ್ಬಿಗೆ ಹಬ್ಬಿದೆ.

ಜೂನ್ 13, ಗುರುವಾರ. ಮಧ್ಯಾಹ್ನ 3.50

ಬೆಟ್ಟಕ್ಕೆ ಹೊಸ ಬೂಟು ಕೂಡದು, ಕಾಲಿಗೆ ಪಳಗಿದ ಹಳೆಯದೇ ಬೇಕು — ಮೇಡಂ ಕಟ್ಟಪ್ಪಣೆ. ಅಡಿಗೆ ಹೊಸ ಸೋಲು ಹಾಕಿಸಲು ತಂಡದವರ ಮೂರು ಜೋಡಿ ನಮ್ಮ ಅಂಗಡಿಗೇ ಬಂದಿವೆ. ಮೇಡಂದು, ಹಲ್ಲಿನ ಡಾಕ್ಟರದು, ಡ್ರೈವರಣ್ಣನದು. ನಾಲ್ಕನೆಯದು ನನ್ನದು: ರಿಪೇರಿಗೆ ಕೊಟ್ಟು ಯಾರೂ ವಾಪಸ್ ಬಾರದ ಶೆಲ್ಫಿನಿಂದ. ಯಾರ ಕಾಲು ಪಳಗಿಸಿತ್ತೋ, ನನಗೆ ಸರಿಯಾಗಿ ಹೊಂದುತ್ತದೆ.

ಮಾವ ಚರ್ಮ ತರಲು ಹೋಗಿದ್ದ. ನಾಲ್ಕೂ ಜೋಡಿ ನಾನೊಬ್ಬಳೇ ಮುಗಿಸಿದೆ! ಬೂಟಿಗೂ ಸೋಲಿಗೂ ಅಂಟು ಬಳಿದು ಇಪ್ಪತ್ತು ನಿಮಿಷ ಕಾಯಬೇಕು, ಬೆರಳ ಬೆನ್ನಿಗೆ ಅಂಟದಷ್ಟು ಒಣಗಬೇಕು, ಆಮೇಲೆ ಜೋಡಿಸಿ ಬಡಿಯಬೇಕು. ಮಾವನ ಶಾಸ್ತ್ರ. ಇವತ್ತು ಬೆಳಗಿನ ಬದಲು ನಾಲ್ಕಕ್ಕೆ ಮೆಟ್ಟಿಲು ಪ್ರಾಕ್ಟೀಸ್ ಇತ್ತು. ಎಂಟು ನಿಮಿಷಕ್ಕೆ ಜೋಡಿಸಿದೆ. ಎಳೆದು ನೋಡಿದೆ, ಬಂಡೆ ಹಾಗೆ ಕೂತಿದೆ.

ಚೀಟಿಯಲ್ಲಿ ಎರಡೂ ಹೊತ್ತು ಬರೆಯುವ ನಿಯಮ ನಮ್ಮಲ್ಲಿ. ಬಳಿದದ್ದು 3.10, ಜೋಡಿಸಿದ್ದು 3.18. ಇದ್ದದ್ದನ್ನೇ ಬರೆದು ಮೊಳೆಗೆ ಸಿಕ್ಕಿಸಿದೆ. ಅಂಗಡಿಯ ಬೇರೆ ಕೆಲಸದವರ ಚೀಟಿ ಮಾವ ಸಂಜೆ ನೋಡುತ್ತಾನೆ, ನನ್ನದು ನೋಡುವುದಿಲ್ಲ. ಸುಳ್ಳು ಬರೆಯುವವಳಲ್ಲ ಎನ್ನುತ್ತಾನೆ.

ಹೊರಟೆ.

ಜೂನ್ 18, ಮಂಗಳವಾರ

ಆರು ಸಲ! ಎಲ್ಲರಿಗಿಂತ ಮುಂಚೆ ಮೇಲೆ ಮುಟ್ಟಿ, ಕಿಟಕಿಯಲ್ಲಿ ಕೂತು ಉಳಿದವರಿಗಾಗಿ ಕಾದೆ. ಮೇಡಂ ಏದುಸಿರಿಲ್ಲದೆ ಬಂದರು.

"ಯಾರನ್ನ ಸೋಲಿಸಿದೆ?"

"ಎಲ್ಲರನ್ನೂ."

"ಅಲ್ಲಿ ಮೇಲೆ ಗಾಳಿ ಅರ್ಧ ಇರುತ್ತೆ. ಓಡಿದವರನ್ನ ಸ್ಟ್ರೆಚರಿನಲ್ಲಿ ಇಳಿಸ್ತಾರೆ. ನಾಳೆಯಿಂದ ನನ್ನ ಹಿಂದೆ ಹತ್ತು. ನನ್ನ ನೆರಳು ತುಳಿದರೆ ಮೊದಲಿಂದ ಶುರು."

ಜೂನ್ 19

ಮೊದಲಿಂದ ಶುರು: ನಾಲ್ಕು ಸಲ.

ಜೂನ್ 20

ಎರಡು ಸಲ. ಇಷ್ಟು ನಿಧಾನ ನಡೆಯುವುದು ಓಡುವುದಕ್ಕಿಂತ ಕಷ್ಟ. ಒಂದು ಮೆಟ್ಟಿಲು, ಒಂದು ಉಸಿರು. ಮಧ್ಯೆ ಸುಮ್ಮನಿರುವುದು. ಆ ಸುಮ್ಮನಿರುವುದೇ ನನಗೆ ಬಾರದ್ದು. ಸ್ಕೂಲು ಬಿಟ್ಟದ್ದೂ ಲೆಕ್ಕ ಬಾರದೆ ಅಲ್ಲ, ಬೆಂಚು ಬಾರದೆ.

ಜೂನ್ 22, ಶನಿವಾರ. ಸಂಜೆ

ಸಾಮಾನು ಜೋಡಿಸಿದೆ. ಬಿಚ್ಚಿದೆ. ಮತ್ತೆ ಜೋಡಿಸಿದೆ. ಕ್ಲಬ್ಬಿನ ಸ್ಲೀಪಿಂಗ್ ಬ್ಯಾಗ್ ಎಷ್ಟು ಬೆಚ್ಚಗಿದೆಯೆಂದರೆ ಫ್ಯಾನ್ ಕೆಳಗೆ ಒಳಹೊಕ್ಕು ನೋಡಿ ಬೆಂದುಹೋದೆ. ಉಣ್ಣೆ ಟೋಪಿ, ಎರಡು ಪದರದ ಗ್ಲೌಸ್, ತಲೆಗೆ ಕಟ್ಟುವ ಲೈಟ್.

ಅಮ್ಮ ಆಸ್ಪತ್ರೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಮನೆಗೆ ಬಂದ ಮೇಲೂ ಅದೇ. ನನ್ನ ಒಳಗಿನ ಥರ್ಮಲ್‌ಗಳಿಗೂ ಗೆರೆ ಬರುವಂತೆ ಇಸ್ತ್ರಿ ಹಾಕಿಟ್ಟಿದ್ದಾಳೆ.

"ಅಮ್ಮ, ಇದರ ಮೇಲೆ ನಾಲ್ಕು ಬಟ್ಟೆ ಬರುತ್ತೆ. ಯಾರಿಗೆ ಕಾಣುತ್ತೆ?"

"ನಿನಗೇನಾದ್ರೂ ಆದ್ರೆ ಡಾಕ್ಟ್ರು ಬಿಚ್ಚಿ ನೋಡ್ತಾರಲ್ಲ ಕಣೇ. ಮುದುರಿಕೊಂಡಿದ್ರೆ ಏನಂದ್ಕೋತಾರೆ?"

ಅದನ್ನು ತಮಾಷೆಗೇ ಅಂದಳು. ಆಮೇಲೆ ಬಹಳ ಹೊತ್ತು ಒಂದೇ ತೋಳಿನ ಮೇಲೆ ಇಸ್ತ್ರಿ ಓಡಿಸಿದಳು.

ಜೂನ್ 30, ಭಾನುವಾರ. ಮಧ್ಯಾಹ್ನ 2

ಬೂಟನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. 

ಶಿಖರದ ಕಡೆ ಮೈನಸ್ ಹದಿನೈದಾದರೂ ಇರುತ್ತದೆ ಎಂದಿದ್ದರು. ಅದು ಹೇಗಿರುತ್ತದೆಂದು ನೋಡುವ ಆಸೆ. ತರಕಾರಿ ಮಾರುಕಟ್ಟೆ ಹಿಂದಿನ ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಮಾವನ ಹಳೇ ಗಿರಾಕಿ, ಎಲ್ಲರಿಗೂ ಐಸಣ್ಣ. ಒಳಗೆ ಮೈನಸ್ ಹದಿನೆಂಟು. ಬೆಟ್ಟಕ್ಕೆ ಹೊರಟ ವೇಷದಲ್ಲೇ ಹೋದೆ. ಐಸಣ್ಣ ನಕ್ಕು ನಕ್ಕು ಬಾಗಿಲಿಗೊರಗಿದ. "ಬಟಾಣಿ ಮೂಟೆ ಕದಿಯೋಕೆ ಇಷ್ಟೊಂದು ಮೇಕಪ್ಪಾ?"

ಆಹಾ, ಏನು ಚಳಿ. ಮೂಗಿನ ಒಳಗೆ ಕೂದಲು ಗಟ್ಟಿಯಾಗುವುದು ಗೊತ್ತಾಗುತ್ತದೆ. ಮೂಟೆಗಳ ನಡುವಿನ ಓಣಿಯಲ್ಲಿ ಒಂದು ಗಂಟೆ ನಡೆದೆ. ಮೇಡಂ ಹೇಳಿದ ಹಾಗೆ, ಒಂದು ಹೆಜ್ಜೆ, ಒಂದು ಉಸಿರು. ಹಾಡಿಕೊಂಡೇ ನಡೆದೆ.

ನೆಲದಲ್ಲಿ ಕಟ್ಟಿದ ಮಂಜುಗಡ್ಡೆಗೆ ಬೂಟಿನ ಮೂತಿ ತಾಗಿತು. ಚಟ್ ಎಂದಿತು. ಮುಂದಿನ ಹೆಜ್ಜೆಗೆ ಸೋಲು ನಾಲಿಗೆ ಹಾಗೆ ಜೋತುಬಿತ್ತು.

ಹೊರಗೆ ತಂದು ನೋಡಿದೆ. ಅಂಟು ಹರಿದಿಲ್ಲ. ಹಿಡಿದೇ ಇರಲಿಲ್ಲ. ನಡುವೆ ಗಾಜಿನ ಪದರದ ಹಾಗೆ ಒಡೆದಿದೆ, ಒಳಗೆ ಸಣ್ಣ ಸಣ್ಣ ಗುಳ್ಳೆ. ಒಣಗುವ ಮೊದಲೇ ಮುಚ್ಚಿದ ಅಂಟು.

ಎಂಟು ನಿಮಿಷ.

ಅದೇ ಡಬ್ಬ, ಅದೇ ಮಧ್ಯಾಹ್ನ, ನಾಲ್ಕು ಜೋಡಿ. ಮೂರು ಜೋಡಿ ಅವರ ಕಾಲಿನಲ್ಲಿವೆ. ಹದಿನೇಳು ದಿನದಿಂದ ಚೆನ್ನಾಗಿಯೇ ನಡೆಯುತ್ತಿದ್ದಾರೆ. ಬಿಸಿಲಿನಲ್ಲಿ ಏನೂ ಆಗುವುದಿಲ್ಲ. ಆಗುವುದು ಅಲ್ಲಿ, ಮೇಲೆ.

ಅದೇ ದಿನ. ಸಂಜೆ 5

ಹೇಳಿದರೆ ನನ್ನ ಸೀಟು ಹೋಗುತ್ತದೆ. ಎರಡು ದಿಂಬಿಗೆ ಒಬ್ಬರು ಹೋದರು. ಇದು ದಿಂಬಲ್ಲ.

ಹೇಳದೆಯೂ ಸರಿ ಮಾಡಬಹುದು. 'ಹೊರಡುವ ಮೊದಲು ಪಾಲಿಶ್ ಹಾಕಿಕೊಡ್ತೀನಿ ಕೊಡಿ' ಎಂದರೆ ಮೂರೂ ಜನ ಕೊಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಬೂಟು ಗಟ್ಟಿ, ಸೀಟೂ ಗಟ್ಟಿ.

ಈ ಯೋಚನೆ ಬಂದದ್ದು ನನಗೇ. ಅದನ್ನೂ ಬರೆದಿಟ್ಟಿದ್ದೇನೆ.

ಜುಲೈ 1, ಸೋಮವಾರ

ಮಾವನಿಗೆ ಹೇಳಿದೆ. ಎದ್ದು ಮೊಳೆಯಿಂದ ಚೀಟಿಗಳ ಗೊಂಚಲು ತೆಗೆದ. ಜೂನ್ 13 ಹುಡುಕಿದ. ಕಣ್ಣಿನ ಹತ್ತಿರ ಹಿಡಿದ.

"ಮೂರು ಹತ್ತು, ಮೂರು ಹದಿನೆಂಟು. ಬರೆದಿದ್ದೀಯ."

"ಬರೆದಿದ್ದೀನಿ."

"ನನಗೆ ಹೇಳಿಲ್ಲ."

"ಚೀಟಿಯಲ್ಲಿತ್ತಲ್ಲ ಮಾವ."

"ನೀನು ಮೊಳೆಗೆ ಹೇಳಿದ್ದೀಯ ಕಣೇ. ನನಗಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಮತ್ತೆ ಅದೇ ಜಾಗಕ್ಕೆ ಸಿಕ್ಕಿಸಿ ಕೆಲಸಕ್ಕೆ ಕೂತ. ನಾನು ಸುಳ್ಳು ಹೇಳಿಲ್ಲ ಎಂದು ಹದಿನೆಂಟು ದಿನದಿಂದ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಯಾರೂ ನೋಡದ ಕಡೆ ನಿಜ ಬರೆದಿಟ್ಟು, ನನ್ನ ಕೆಲಸ ಮುಗಿಯಿತು ಎಂದು.

ಈ ನೋಟ್‌ಬುಕ್ಕಿನಲ್ಲೂ ಅಷ್ಟೇ ತಾನೆ.

ಜುಲೈ 2, ಮಂಗಳವಾರ. ಬೆಳಿಗ್ಗೆ 9

ಮೆಟ್ಟಿಲ ಬುಡದಲ್ಲಿ, ಎಲ್ಲರ ಮುಂದೆ ಹೇಳಿದೆ. ಜೋತುಬಿದ್ದ ನನ್ನ ಬೂಟನ್ನು ಕೈಯಲ್ಲಿ ಹಿಡಿದೇ ಹೇಳಿದೆ.

"ಎಷ್ಟು ಜೋಡಿ?" ಮೇಡಂ.

"ನಾಲ್ಕು."

"ನನ್ನದೂ?"

"ನಿಮ್ಮದೂ. ಡಾಕ್ಟರದೂ. ಡ್ರೈವರಣ್ಣಂದೂ."

ಹಲ್ಲಿನ ಡಾಕ್ಟರು ತಮ್ಮ ಕಾಲನ್ನೇ ನೋಡಿಕೊಂಡರು. ಡ್ರೈವರಣ್ಣ ನೆಲಕ್ಕೆ ಎರಡು ಸಲ ಗುದ್ದಿ, "ಗಟ್ಟಿ ಇದೆಯಲ್ಲೇ" ಎಂದ.

"ಇಲ್ಲಿ ಗಟ್ಟಿ ಇರುತ್ತೆ ಅಣ್ಣ. ಅಲ್ಲಿ ಬಿಡುತ್ತೆ."

"ಯಾಕೆ ಕಾಯಲಿಲ್ಲ?" ಮೇಡಂ ದನಿ ಏರಲಿಲ್ಲ.

"ಪ್ರಾಕ್ಟೀಸಿಗೆ ಹೊತ್ತಾಗ್ತಿತ್ತು. ಎಲ್ಲರಿಗಿಂತ ಮುಂಚೆ ಬರಬೇಕಿತ್ತು."

ಮೇಡಂ ಅಲ್ಲೇ ಮೆಟ್ಟಿಲಿನ ಮೇಲೆ ಕೂತು ಲೇಸ್ ಬಿಚ್ಚಿದರು. ಬೂಟು ನನ್ನ ಕೈಗಿಟ್ಟು, ಸಾಕ್ಸಿನಲ್ಲೇ ವ್ಯಾನಿಗೆ ನಡೆದರು. ಉಳಿದಿಬ್ಬರೂ ಬಿಚ್ಚಿಕೊಟ್ಟರು. ಮೂರು ಜೋಡಿ ಬೂಟು ಕೊರಳಿಗೆ ನೇತುಹಾಕಿಕೊಂಡು ನಡೆದೇ ಮನೆಗೆ ಬಂದೆ.

ಜುಲೈ 3. ಬೆಳಿಗ್ಗೆ 5.50

ಐದೂವರೆಗೆ ವ್ಯಾನ್ ಬಂತು. ಹೋಯಿತು.

ಸೀಟಿ ಇಲ್ಲ.

ಜುಲೈ 6, ಶನಿವಾರ

ನಾಲ್ಕೂ ಜೋಡಿಯ ಸೋಲು ಕಿತ್ತೆ. ಹಳೇ ಅಂಟು ಕೆರೆದು ತೆಗೆಯಲು ಎರಡು ದಿನ. ಉಗುರುಗಳ ಕಥೆ ಮುಗಿದಿದೆ. ಮಾವ ಸಹಾಯಕ್ಕೆ ಬರಲಿಲ್ಲ, ಆದರೆ ಹೊಸ ಡಬ್ಬ ಒಡೆದು ಪಕ್ಕದಲ್ಲಿಟ್ಟ. ಗಡಿಯಾರವನ್ನು ಗೋಡೆಯಿಂದ ಇಳಿಸಿ ನನ್ನೆದುರು ನಿಲ್ಲಿಸಿದ.

ಬಳಿದೆ. ಕೈ ಕಟ್ಟಿ ಕೂತೆ.

ಇಪ್ಪತ್ತು ನಿಮಿಷ ಎಷ್ಟು ಉದ್ದ ಎಂದು ನನಗೆ ಈ ಹತ್ತೊಂಬತ್ತು ವರ್ಷದಲ್ಲಿ ಗೊತ್ತೇ ಇರಲಿಲ್ಲ. ಐದನೇ ನಿಮಿಷಕ್ಕೆ ಮೊಣಕಾಲು ಕುಣಿಯತೊಡಗಿತು. ಮಾವ ತಲೆಯೆತ್ತದೆ, "ಕಾಲಿಗೂ ಸ್ವಲ್ಪ ಅಂಟು ಹಚ್ಚಲಾ?" ಎಂದ. ಐದು ದಿನದ ಮೇಲೆ ಅವನ ಮೊದಲ ಮಾತು. ನಗು ಬಂತು, ಅಳುವೂ ಬಂತು.

ಆಮೇಲೆ ಉಸಿರು ಎಣಿಸಿದೆ. ಮೆಟ್ಟಿಲಿನಲ್ಲಿ ಕಲಿತ ಹಾಗೆ. ಅಂಟಿನ ಹೊಳಪು ಅಂಚಿನಿಂದ ಮಂಕಾಗುತ್ತಾ ನಡುವಿಗೆ ಬರುತ್ತದೆ. ಐದು ವರ್ಷ ಈ ಅಂಗಡಿಯಲ್ಲಿದ್ದೂ ಅದನ್ನು ನೋಡಿದ್ದು ಇವತ್ತೇ.

ಚೀಟಿ: 11.05, 11.27. ಮಾವ ಕೇಳಿ ತೆಗೆದುಕೊಂಡು ಓದಿದ.

ಸೀಟಿ ಇವತ್ತೂ ಇಲ್ಲ. ನಮ್ಮ ಮನೆ ಮಹಡಿಗಿರುವುದು ಹನ್ನೆರಡೇ ಮೆಟ್ಟಿಲು. ನೂರ ಐವತ್ತು ಸಲ ಹತ್ತಿದೆ. ಕೆಳಗಿನ ಮನೆಯಜ್ಜಿ, "ಏನಾದ್ರೂ ಕಳಕೊಂಡಿದ್ದೀಯೇನೇ?" ಎಂದರು.

ಜುಲೈ 10, ಬುಧವಾರ. ಬೆಳಿಗ್ಗೆ 11

ಬೂಟುಗಳನ್ನು ಐಸಣ್ಣನ ಹತ್ತಿರ ಒಂದು ದಿನ ಪೂರ್ತಿ ಬಟಾಣಿ ಜೊತೆ ಇಟ್ಟಿದ್ದೆ. ಇವತ್ತು ಮೇಡಂ ಬಂದರು, ಫೋನಿನಲ್ಲಿ ಕೇಳಿಕೊಂಡಿದ್ದೆ. ತಮ್ಮ ಜೋಡಿ ಹಾಕಿಕೊಂಡು ಒಬ್ಬರೇ ಒಳಗೆ ಹೋದರು. ಬಾಗಿಲು ಮುಚ್ಚಿತು.

ಹೊರಗೆ ನಾನು, ಐಸಣ್ಣ. ಒಳಗಿಂದ ಧಡ್, ಧಡ್. ಬೇಕೆಂದೇ ಒದೆಯುತ್ತಿದ್ದಾರೆ.

"ನಿಮ್ಮ ಮೇಡಮ್ಮು ನಮ್ಮ ಗೋಡೆ ಕೆಡವ್ತಾರೇನೋ" ಎಂದ ಐಸಣ್ಣ.

ನಲವತ್ತು ನಿಮಿಷ. ಹುಬ್ಬಿನ ಮೇಲೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಬಂದರು. ಮೂಟೆಯ ಮೇಲೆ ಕೂತು ಬೂಟು ಬಿಚ್ಚಿ ನನ್ನೆದುರು ಹಿಡಿದರು. ಇಕ್ಕಳ ತಂದಿದ್ದೆ. ಮೂತಿ ಹಿಡಿದು ಎಳೆದೆ. ಹಿಮ್ಮಡಿ ಎಳೆದೆ. ಕಾಲು ಕೊಟ್ಟು ಎಳೆದೆ. ಕೂದಲೆಳೆಯಷ್ಟೂ ಬಿಡಲಿಲ್ಲ.

"ಎಷ್ಟು ಹೊತ್ತು ಕಾದೆ?"

"ಇಪ್ಪತ್ತೆರಡು ನಿಮಿಷ."

"ಇಪ್ಪತ್ತಲ್ವಾ?"

"ಎರಡು ನಿಮಿಷ ನನ್ನ ಕಡೆಯಿಂದ ಮೇಡಂ."

ಅವರ ಬಾಯಿಯ ಒಂದು ತುದಿ ಅಲುಗಿತೋ ಏನೋ. ಚಳಿಗೂ ಇರಬಹುದು. ಎದ್ದು ಹೊರಟವರು ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಭಾನುವಾರ ಬೆಳಿಗ್ಗೆ ಏಳಕ್ಕೆ ಏರ್‌ಪೋರ್ಟಿಗೆ ವ್ಯಾನ್ ಹೊರಡುತ್ತೆ."

ನನ್ನನ್ನು ಸೇರಿಸಿಯೋ ಬಿಟ್ಟೋ ಕೇಳಲಿಲ್ಲ. ಕೇಳಬೇಕಿತ್ತು. ಧೈರ್ಯವಾಗಲಿಲ್ಲ, ಅದೇ ನಿಜ.

ಜುಲೈ 12

ಡ್ರೈವರಣ್ಣ ಬೂಟು ಒಯ್ಯಲು ಬಂದಿದ್ದ. ಬ್ಯಾಂಕ್ ಅಂಕಲ್ ಮೇಡಂ ಮನೆಗೆ ಹೋಗಿದ್ದರಂತೆ, ಬ್ಯಾಗಿನ ತುಂಬ ಇಟ್ಟಿಗೆ ಹೊತ್ತು. ಒಂದು ಗಂಟೆ ಮಾತಾಡಿದರಂತೆ. ಏನು ಮಾತು ಅವನಿಗೆ ಗೊತ್ತಿಲ್ಲ. ನನ್ನ ಸೀಟು ಅವರಿಗೋ ಏನೋ. ಟಿಕೆಟು, ಪಾಸ್‌ಪೋರ್ಟು ಎಲ್ಲರವೂ ಮೇಡಂ ಹತ್ತಿರವೇ ಇವೆ.

ಬ್ಯಾಗ್ ಬಿಚ್ಚಿದೆ. ಮತ್ತೆ ಜೋಡಿಸಿದೆ.

ಜುಲೈ 14, ಭಾನುವಾರ. ಬೆಳಿಗ್ಗೆ 6.35

ನಾಲ್ಕಕ್ಕೇ ಎದ್ದೆ. ಸ್ನಾನ, ತಿಂಡಿ ಆಯಿತು. ನೀರು ಈಗಲೇ ಒಂದು ಲೀಟರ್. ನಾಡಿ 96. ಇದು ಬೆಟ್ಟದ್ದಲ್ಲ, ಕಿಟಕಿಯಲ್ಲಿ ಕಾಯುವುದರದು.

ಬ್ಯಾಗ್ ಬಾಗಿಲ ಹತ್ತಿರ. ಬೂಟು ಕಾಲಿನಲ್ಲಿ. ಸುಮ್ಮನೆ ಕೂತಿದ್ದೇನೆ. ನಿಜವಾಗಿಯೂ ಕೂತಿದ್ದೇನೆ, ಮೊಣಕಾಲೂ ಕುಣಿಯುತ್ತಿಲ್ಲ. ಅಮ್ಮ ಅದನ್ನೇ ಆಗಾಗ ತಿರುಗಿ ನೋಡುತ್ತಾಳೆ. ಮೈಗೆ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಿ ಹೋದಳು.

6.50

ಭಾನುವಾರ ಅಂಗಡಿಗೆ ರಜೆ. ಆದರೂ ಮಾವ ಮೇಲೆ ಬಂದು ಕೂತಿದ್ದಾನೆ. ಹೆಗಲ ಪಟ್ಟಿಯ ಹೊಲಿಗೆ ನೋಡುವ ನೆಪದಲ್ಲಿ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡಿದ್ದಾನೆ. "ಸೀಟಿ ಬರದಿದ್ರೆ?" ಎಂದೆ. "ಬರದಿದ್ರೆ ನಾಳೆ ಎಂಟೂವರೆಗೆ ಶಟರ್ ಎತ್ತು. ಬಂದ್ರೆ ಹೋಗು. ಎರಡಕ್ಕೂ ಕಾಲು ಗಟ್ಟಿ ಬೇಕಲ್ಲ" ಎಂದ. ಅಷ್ಟು ಹೇಳಿ ತಾನೇ ಕಿಟಕಿಗೆ ಹೋಗಿ ಬಗ್ಗಿ ನೋಡಿದ.

ಹೋದರೂ ಸರಿ, ಹೋಗದಿದ್ದರೂ ಸರಿ ಎಂದು ಬರೆಯೋಣವೆಂದಿದ್ದೆ. ಸುಳ್ಳು. ಹೋಗಬೇಕು. ನನಗೆ ಹೋಗಲೇಬೇಕು.

7.04

ತಿರುವಿನಲ್ಲಿ ವ್ಯಾನ್. ಡ್ರೈವರಣ್ಣನ ಗೇರು ಕಿರ್ರ್ ಎನ್ನುವುದು ಅಲ್ಲಿಯೇ. ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದುಕೊಂಡು ನಿಂತಿದ್ದಾಳೆ, ಕೆಳಗಿಡುವುದನ್ನೇ ಮರೆತು. ಹತ್ತಿರ ಬಂತು. ನಿಧಾನವಾಗುತ್ತಿದೆಯಾ... ಒಂದು ಉಸಿರು. ಇನ್ನೊಂದು —

ಸೀಟಿ. ಉದ್ದದ್ದು, ಒಂದೇ. ಮಾವ ಬ್ಯಾಗ್ ಹೊತ್ತು ಆಗಲೇ ಮೆಟ್ಟಿಲು ಇಳಿಯುತ್ತಿದ್ದಾನೆ, ನಾನಿನ್ನೂ ಪೆನ್ನಿನ ಮುಚ್ಚಳ ಹುಡು